ಮೂರು ಪೌಂಡ್ ಜಾಸ್ತಿ ಇದ್ದದ್ದಕ್ಕೆ

2024ರ ನವೆಂಬರ್‌ನಲ್ಲಿ ಇಲ್ಲಿ ಹಿಮ ಬಿದ್ದ ದಿನ. ನಾವಿರುವುದು ಇಂಗ್ಲೆಂಡಿನ ಲೀಡ್ಸ್ ಹತ್ತಿರ, ಇಟ್ಟಿಗೆಯ ಹಳೇ ಸಾಲುಮನೆಗಳ ಬೀದಿಯಲ್ಲಿ. ಪಕ್ಕದ ಮನೆಯಲ್ಲಿ 72 ವರ್ಷದ ಅಜ್ಜ ಒಬ್ಬರೇ ಇದ್ದಾರೆ. ಬಿಸಿ ಸಾರು ಮಾಡಿದ್ದೆ, ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಬಾಗಿಲು ತೆಗೆದಾಗ ಮೈಮೇಲೆ ಕೋಟು, ತಲೆಗೆ ಉಲ್ಲನ್ ಟೋಪಿ. ಎಲ್ಲಿಗೋ ಹೊರಟಿದ್ದಾರೆ ಅಂದುಕೊಂಡೆ. ಒಳಗೆ ಹೋದ ಮೇಲೆ ಗೊತ್ತಾಯಿತು, ಮನೆಯಲ್ಲೂ ಹಾಗೇ ಕೂತಿರುತ್ತಾರೆ ಅಂತ. ಅಡುಗೆಮನೆಯಲ್ಲಿ ನಾನು ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು. ಹೀಟಿಂಗ್ ಹಾಕಿಲ್ವಾ ಅಂತ ಕೇಳಿದೆ. "ಐ ಆಮ್ ಆಲ್‌ರೈಟ್, ಲವ್" ಅಂದರು. ಈ ಕಡೆಯ ಜನ ಗುರುತಿಲ್ಲದವರನ್ನೂ ಲವ್ ಅಂತಲೇ ಕರೆಯುತ್ತಾರೆ.

ನಾನು ತೀರ್ಥಹಳ್ಳಿ ಕಡೆಯವಳು, ಚಳಿ ನನಗೆ ಹೊಸದಲ್ಲ. ಆದರೆ ನಮ್ಮಜ್ಜಿ ಚಳಿಯಾದರೆ ಬಚ್ಚಲ ಒಲೆ ಮುಂದೆ ಹೋಗಿ ಕೂರುತ್ತಿದ್ದರು. ತೋಟದ ಸೋಗೆ, ಒಣಕಟ್ಟಿಗೆ ಇದ್ದರೆ ಆಯಿತು. ಇಲ್ಲಿ ಮೈ ಬೆಚ್ಚಗಾಗಲು ಮೀಟರ್ ಓಡಬೇಕು. ಆಗ ಗ್ಯಾಸು, ಕರೆಂಟು ಎರಡನ್ನೂ ಮುಟ್ಟದೆ ಇದ್ದರೂ ಸ್ಟ್ಯಾಂಡಿಂಗ್ ಚಾರ್ಜ್ ಅಂತಲೇ ದಿನಕ್ಕೆ 90 ಪೆನ್ಸ್‌ಗಿಂತ ಜಾಸ್ತಿ ಹೋಗುತ್ತಿತ್ತು. ದರಕ್ಕೆ ಮಿತಿ ಹಾಕುವ ಆಫ್‌ಜೆಮ್ ಲೆಕ್ಕದಲ್ಲಿ ಸಾಮಾನ್ಯ ಮನೆಯ ವರ್ಷದ ಬಿಲ್ 2021ರ ಅಕ್ಟೋಬರ್‌ನಲ್ಲಿ 1,277 ಪೌಂಡ್ ಇತ್ತು. 2024ರ ಅಕ್ಟೋಬರ್‌ಗೆ ಅದು 1,717 ಆಗಿತ್ತು.

ಈ ಖರ್ಚಿಗೆ ಅಂತಲೇ ಇಲ್ಲಿ ವಿಂಟರ್ ಫ್ಯುಯೆಲ್ ಪೇಮೆಂಟ್ ಇದೆ. 1997ರಲ್ಲಿ ಶುರುವಾದದ್ದು. ಪಿಂಚಣಿ ವಯಸ್ಸಿನವರ ಮನೆಗೆ ಚಳಿಗಾಲದಲ್ಲಿ 200 ಪೌಂಡ್, 80 ದಾಟಿದವರಿದ್ದರೆ 300. ಹೆಚ್ಚಿನವರು ಅರ್ಜಿ ಹಾಕಬೇಕಿರಲಿಲ್ಲ, ತಾನಾಗಿ ಖಾತೆಗೆ ಬರುತ್ತಿತ್ತು. 2024ರ ಜುಲೈನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಅದನ್ನು ಬಹುಮಟ್ಟಿಗೆ ಪೆನ್ಷನ್ ಕ್ರೆಡಿಟ್ (ಆದಾಯ ತೀರಾ ಕಡಿಮೆ ಇರುವ ಹಿರಿಯರಿಗೆ ಸರ್ಕಾರ ಮೇಲಿಂದ ಕೊಡುವ ನೆರವು) ಪಡೆಯುವವರಿಗೆ ಸೀಮಿತ ಮಾಡಿದರು. ಸುಮಾರು 1 ಕೋಟಿ ಹಿರಿಯರಿಗೆ ಆ ಚಳಿಗಾಲದಲ್ಲಿ ದುಡ್ಡು ಬರಲಿಲ್ಲ.

ಬಡವರಿಗೆ ಮಾತ್ರ ಕೊಡಿ ಅನ್ನೋದು ಕೇಳಲು ಸರಿಯಾಗಿಯೇ ಇದೆ, ಅಲ್ವಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಅಜ್ಜನ ಲೆಕ್ಕ ನೋಡಿದ ಮೇಲೆ ಮನಸ್ಸು ಬದಲಾಯಿತು.

ಅವರಿಗೆ ಬರುವುದು ಸರ್ಕಾರದ ಹೊಸ ಪಿಂಚಣಿ ಒಂದೇ. ಬೇರೆ ಆದಾಯ ಇಲ್ಲ. ಆ ವರ್ಷ ಪೂರ್ತಿ ಪಿಂಚಣಿ ಅಂದರೆ ವಾರಕ್ಕೆ 221.20 ಪೌಂಡ್. ಒಂಟಿಯಾಗಿರುವವರಿಗೆ ಪೆನ್ಷನ್ ಕ್ರೆಡಿಟ್ ಸಿಗಲು ಆದಾಯದ ಗೆರೆ 218.15. ಅಂದರೆ ಅವರು ಗೆರೆಯಿಂದ 3 ಪೌಂಡ್ 5 ಪೆನ್ಸ್ ಮೇಲಿದ್ದರು. ವರ್ಷಕ್ಕೆ ಕೂಡಿಸಿದರೂ ಆ ಹೆಚ್ಚುವರಿ ದುಡ್ಡು 160 ಪೌಂಡ್ ಮುಟ್ಟುವುದಿಲ್ಲ. ಅದಕ್ಕಾಗಿ 200 ಪೌಂಡ್ ಹೋಯಿತು. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ದುಡಿದು, ವಂತಿಗೆ ಕಟ್ಟಿದ ಮನುಷ್ಯ ಅವರು. ಗೆರೆ ಎಳೆದವರು ಯಾರೂ ಅವರ ಅಡುಗೆಮನೆಯಲ್ಲಿ ನಿಂತು ನೋಡಿರಲಿಲ್ಲ.

ಇನ್ನು ಗೆರೆಯ ಕೆಳಗಿದ್ದವರ ಕಥೆ. ಪೆನ್ಷನ್ ಕ್ರೆಡಿಟ್ ತಾನಾಗಿ ಬರುವುದಿಲ್ಲ, ಕೇಳಬೇಕು. ಅರ್ಜಿಯಲ್ಲಿ 200ಕ್ಕೂ ಜಾಸ್ತಿ ಪ್ರಶ್ನೆ. ಅದೇ ಬೀದಿಯ ಇನ್ನೊಬ್ಬ ಅಜ್ಜಿಗೆ ತುಂಬಿಕೊಡಲು ನಾನು ಕೂತಿದ್ದೆ, ಎರಡು ಸಂಜೆ ಹಿಡಿಯಿತು. ಎಲ್ಲ ಪ್ರಶ್ನೆಯೂ ಎಲ್ಲರಿಗಲ್ಲ, ನಿಜ. ಆದರೆ ಯಾವುದು ತನಗಲ್ಲ ಅಂತ ತಿಳಿಯಲಾದರೂ ಓದಲೇಬೇಕಲ್ಲ. ಮಧ್ಯದಲ್ಲಿ ಅವರು ಪೆನ್ನು ಕೆಳಗಿಟ್ಟು, "ನನಗಿಂತ ಕಷ್ಟದಲ್ಲಿರುವವರು ಇದ್ದಾರೆ, ಬಿಡು" ಅಂದರು. ಈ ಮಾತನ್ನು ನಮ್ಮೂರಲ್ಲೂ ಎಷ್ಟು ಸಲ ಕೇಳಿದ್ದೇನೆ! ಮರ್ಯಾದೆಗೆ ಅಂಜುವವರು ಕೇಳುವುದೇ ಇಲ್ಲ. ಅರ್ಹತೆ ಇರುವ ಮನೆಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಪೆನ್ಷನ್ ಕ್ರೆಡಿಟ್ ಸೇರುತ್ತಲೇ ಇರಲಿಲ್ಲ. ಅಂಥದ್ದಕ್ಕೆ ಚಳಿಗಾಲದ ದುಡ್ಡನ್ನು ಕಟ್ಟಿಹಾಕಿದರೆ ತೀರಾ ಬಡವರೇ ಮೊದಲು ಹೊರಗುಳಿಯುತ್ತಾರೆ.

ಅದೇ ತಿಂಗಳು ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ರದ್ದತಿಯ ಗಲಾಟೆ ನಡೆಯುತ್ತಿತ್ತು. ಅನರ್ಹರನ್ನು ತೆಗೆಯಲು ಹೋಗಿ ಅರ್ಹರ ಕಾರ್ಡೂ ಹೋಯಿತು. ಕೊನೆಗೆ ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರದ್ದು ವಾಪಸ್ ಕೊಡುತ್ತೇವೆ ಅಂದರು. ಫೋನಿನಲ್ಲಿ ಆ ಸುದ್ದಿ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಕೋಟು ಹಾಕಿ ಕೂತ ಅಜ್ಜ.

ಶ್ರೀಮಂತರಿಗೂ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಮೊದಲು ಎಲ್ಲರ ಖಾತೆಗೂ ಹಾಕಿ. ಬೇಡದವರಿಂದ ಆಮೇಲೆ ತೆರಿಗೆಯಲ್ಲಿ ವಾಪಸ್ ತಗೊಳ್ಳಿ. ಯಾರ ಆದಾಯ ಎಷ್ಟು ಅಂತ ತೆರಿಗೆ ಇಲಾಖೆಗೆ ಗೊತ್ತೇ ಇರುತ್ತದೆ. ಅದಕ್ಕಾಗಿ ಎಂಬತ್ತರ ಅಜ್ಜಿಯನ್ನು 200 ಪ್ರಶ್ನೆ ಕೇಳಬೇಕಾಗಿಲ್ಲ.

2025ರ ಜೂನ್‌ನಲ್ಲಿ ಸರ್ಕಾರ ಕೊನೆಗೆ ಮಾಡಿದ್ದೂ ಇದನ್ನೇ. ಇಂಗ್ಲೆಂಡ್, ವೇಲ್ಸ್‌ನಲ್ಲಿ ದುಡ್ಡು ಮತ್ತೆ ತಾನಾಗಿ ಬರುತ್ತದೆ, ವರ್ಷಕ್ಕೆ 35,000 ಪೌಂಡ್‌ಗಿಂತ ಜಾಸ್ತಿ ಆದಾಯ ಇರುವವರಿಂದ ತೆರಿಗೆ ಮೂಲಕ ಹಿಂದಕ್ಕೆ ಹೋಗುತ್ತದೆ. ಇದು ಒಳ್ಳೆಯದಾಯಿತು ಅಂತ ಮನಸಾರೆ ಹೇಳುತ್ತೇನೆ. ಆದರೆ ಹಿಂದಿನ ಚಳಿಗಾಲದ್ದನ್ನು ಕೊಡಲಿಲ್ಲ. ಆ ಚಳಿ ಅನುಭವಿಸಿದವರು ಅನುಭವಿಸಿದರು.

ಅಜ್ಜನಿಗೂ ಈ ಸಲ ದುಡ್ಡು ಬಂತು. ಮೊನ್ನೆ ಹೋದಾಗ ರೇಡಿಯೇಟರ್ ಬೆಚ್ಚಗಿತ್ತು, ಅಡುಗೆಮನೆಯಲ್ಲಿ ಹಬೆ ಬರುವಷ್ಟು ಚಳಿ ಇರಲಿಲ್ಲ. ಕೋಟು ಮಾತ್ರ ಹಾಕಿಕೊಂಡೇ ಇದ್ದರು. ಯಾಕೆ ಅಂತ ಕೇಳಿದೆ. ಮುಂದಿನ ವರ್ಷ ಏನಾಗುತ್ತೋ ಗೊತ್ತಿಲ್ಲ, ರೂಢಿ ತಪ್ಪಬಾರದು ಅಂದರು.