ಗುಂಡಿಗೂ ಟಿಕೆಟ್ ಇದೆ

ನಾನು ಬಂಗಾರಪೇಟೆಯವನು. ಈಗ ಇರುವುದು ಜೋಹಾನ್ಸ್‌ಬರ್ಗ್‌ನಲ್ಲಿ. ಇಲ್ಲಿ ಊರ ದಕ್ಷಿಣಕ್ಕೆ ಹೋದರೆ ಚಿನ್ನದ ಗಣಿಯ ಹಳದಿ ಮಣ್ಣಿನ ಗುಡ್ಡಗಳು ಕಾಣುತ್ತವೆ. ಮೊದಲ ಸಲ ನೋಡಿದಾಗ ನಮ್ಮ ಪಕ್ಕದ ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ಗುಡ್ಡಗಳೇ ಎದ್ದು ಬಂದು ಕೂತ ಹಾಗಿತ್ತು. ಗಣಿ ಅಂದರೆ ನನಗೆ ಹೊಸದೇನಲ್ಲ. ಆದರೂ ವಜ್ರದ ಗಣಿಗೆ ಹೆಸರಾದ ಕಿಂಬರ್ಲಿಗೆ ಹೋಗಿ ಬಂದಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಶುರುವಾಗಿದೆ.

ಇಲ್ಲಿಂದ ಕಾರಿನಲ್ಲಿ ಸುಮಾರು ಐದು ಗಂಟೆ ದಾರಿ. ಬಯಲು, ಕುರುಚಲು ಗಿಡ, ಮತ್ತೆ ಬಯಲು. ಊರ ನಡುವೆ 'ಬಿಗ್ ಹೋಲ್'. 1871ರಲ್ಲಿ ಅಲ್ಲೊಂದು ಚಿಕ್ಕ ಗುಡ್ಡವಿತ್ತಂತೆ. ವಜ್ರ ಸಿಕ್ಕಿದ್ದೇ ತಡ, ಸಾವಿರಾರು ಜನ ಗುದ್ದಲಿ ಹಿಡಿದು ಮುಗಿಬಿದ್ದರು. ಗುಡ್ಡ ಹೋಗಿ ಗುಂಡಿಯಾಯಿತು. 1914ರಲ್ಲಿ ಗಣಿ ನಿಲ್ಲುವ ಹೊತ್ತಿಗೆ ಎತ್ತಿದ ಮಣ್ಣು 2.25 ಕೋಟಿ ಟನ್, ಸಿಕ್ಕಿದ ವಜ್ರ 2,720 ಕೆಜಿ. ಒಂದು ಸಣ್ಣ ಲಾರಿಯಲ್ಲಿ ಹಾಕಿಕೊಂಡು ಹೋಗಬಹುದು!

ಟಿಕೆಟ್ ತಗೊಂಡರೆ ಮೊದಲು ಒಂದು ಸಿನಿಮಾ ತೋರಿಸುತ್ತಾರೆ. ಆಮೇಲೆ ಗುಂಡಿಯ ಮೇಲಕ್ಕೆ ಚಾಚಿಕೊಂಡ ಕಬ್ಬಿಣದ ಅಟ್ಟಣೆ. ಅದರ ತುದಿಗೆ ಹೋಗಿ ಬಗ್ಗಿ ನೋಡಿದರೆ ಎಷ್ಟೋ ಕೆಳಗೆ ಹಸಿರು ನೀರು. ಗುಂಡಿಯ ಸುತ್ತಳತೆ ಸುಮಾರು ಒಂದೂವರೆ ಕಿಲೋಮೀಟರ್. ಯಂತ್ರ ಅಗೆದದ್ದಲ್ಲ, ಜನರ ಕೈ ಅಗೆದದ್ದು. ನನ್ನ ಮಗಳು ಕಂಬಿ ಬಿಡಲೇ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಗ್ರೀಸ್ ಮೇಜಿನ ಕಥೆ. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ಇಳಿಜಾರಾದ ಮೇಜಿಗೆ ಗ್ರೀಸ್ ಬಳಿದು, ಪುಡಿಕಲ್ಲನ್ನು ನೀರಿನ ಜೊತೆ ಅದರ ಮೇಲೆ ಹರಿಸುತ್ತಿದ್ದರು. ಕಲ್ಲು ಜಾರಿ ಹೋಗುತ್ತಿತ್ತು, ವಜ್ರ ಅಲ್ಲೇ ಕೂರುತ್ತಿತ್ತು. ನಮ್ಮಲ್ಲಿ ಚಿನ್ನಕ್ಕೆ ಸೈನೈಡ್, ಇವರಲ್ಲಿ ವಜ್ರಕ್ಕೆ ಬರೀ ಗ್ರೀಸ್.

ಈ ಊರಿಗೆ 1882ರಲ್ಲೇ ಬೀದಿಗೆ ಕರೆಂಟ್ ದೀಪ ಬಂತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅದಕ್ಕೂ ಮೊದಲು, 1902ರಲ್ಲಿ, ಶಿವನಸಮುದ್ರದ ಕರೆಂಟ್ ನೇರ ಕೆಜಿಎಫ್‌ಗೆ ಹೋಯಿತು. ಎರಡೂ ಕಡೆ ಗಣಿ ಇದ್ದದ್ದಕ್ಕೇ ಬೆಳಕು, ಅಲ್ವಾ?

ಅಲ್ಲೊಂದು ತೋರಿಕೆಯ ಸುರಂಗವೂ ಇದೆ. ಒಳಗೆ ಹೋದರೆ ಸ್ಪೀಕರ್‌ನಲ್ಲಿ ಢಂ ಅಂತ ಡೈನಮೈಟ್ ಸಿಡಿಯುತ್ತದೆ. ಎಲ್ಲರೂ ನಕ್ಕರು. ನನಗೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದ್ದ ನಮ್ಮ ಪಕ್ಕದ ಮನೆಯ ತಾತ ನೆನಪಾದರು. ಅಲ್ಲಿ ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು. ಅದಕ್ಕೆ 'ಏರ್ ಬ್ಲಾಸ್ಟ್' ಅನ್ನುತ್ತಿದ್ದರು. ಮನೆಯ ಅಟ್ಟದ ಮೇಲಿನ ಪಾತ್ರೆ ಗಲಗಲ ಅಂದರೆ, ಆ ಪಾಳಿಗೆ ಗಂಡ ಇಳಿದಿದ್ದ ಹೆಂಗಸರು ಗಣಿಯ ಬಾಗಿಲಿಗೆ ಓಡುತ್ತಿದ್ದರಂತೆ. ಇಂಥ ಮಾತು ಹೇಳುವವರು ಕಿಂಬರ್ಲಿಯಲ್ಲಿ ನನಗೆ ಸಿಗಲಿಲ್ಲ.

ಹೊಳಪಿನ ಮಾತು ಹೆಚ್ಚು, ಬೆವರಿನದು ಕಡಿಮೆ: ಇದು ಕಿಂಬರ್ಲಿಯ ಬಗ್ಗೆ ನನ್ನ ತಕರಾರು. ಕಪ್ಪು ಕೂಲಿಗಳನ್ನು ಕರಾರು ಮುಗಿಯುವ ತನಕ ಕಾಂಪೌಂಡಿನೊಳಗೇ ಕೂಡಿಹಾಕುತ್ತಿದ್ದರು. ವಜ್ರ ನುಂಗಿದ್ದಾರೆಂಬ ಅನುಮಾನಕ್ಕೆ ಬಿಡುಗಡೆಗೆ ಮೊದಲು ದಿನಗಟ್ಟಲೆ ಬೆತ್ತಲೆ ಕೂರಿಸುತ್ತಿದ್ದರು. ಗೈಡ್ ಇದನ್ನು ಹೇಳುವಷ್ಟರಲ್ಲಿ ಜನ ಆಗಲೇ ವಜ್ರದ ಕೋಣೆ ಕಡೆ ಹೊರಟಿದ್ದರು. ಏಂಜಲ್ ಸ್ಟ್ರೀಟ್‌ನಲ್ಲಿ ಸೋಲ್ ಪ್ಲಾಟ್ಯೆ ಅವರ ಮನೆಯಿದೆ. ಕಪ್ಪು ಜನರ ನೆಲ ಕಿತ್ತುಕೊಂಡ 1913ರ ಕಾನೂನಿನ ವಿರುದ್ಧ ಬರೆದ ಪತ್ರಕರ್ತ. ಹೋದರೆ ಅದನ್ನು ಬಿಡಬೇಡಿ. ಊರಾಚೆಯ ಕ್ಯಾಂಫರ್ಸ್ ಡ್ಯಾಂ ಒಂದು ಕಾಲಕ್ಕೆ ರಾಜಹಂಸಗಳಿಗೆ ಹೆಸರಾಗಿತ್ತು.

ಆದರೂ ಹೊಟ್ಟೆಕಿಚ್ಚು ಹೋಗಲಿಲ್ಲ. ಖಾಲಿ ಗುಂಡಿಗೆ ಕಂಬಿ ಹಾಕಿ, ಕಥೆ ಹೇಳಿ, ಅದರಿಂದಲೇ ನಾಲ್ಕು ಜನರಿಗೆ ಕೆಲಸ ಕೊಟ್ಟಿದ್ದಾರೆ. ನಮ್ಮ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿದೆ. ಊರಿನ ಹುಡುಗರು ಬೆಳಗಾಗುವ ಮೊದಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಓಡುತ್ತಾರೆ.

ವಾಪಸ್ ಬರುವಾಗ ಗೈಡ್ ಹುಡುಗನಿಗೆ ಸುಮ್ನೆ ಹೇಳಿದೆ, ನಮ್ಮೂರ ಹತ್ತಿರದ ಗಣಿ ಮೂರು ಕಿಲೋಮೀಟರ್‌ಗಿಂತ ಆಳ ಅಂತ. ಅವನು ಕಣ್ಣರಳಿಸಿ, "ಹೌದಾ? ಅಲ್ಲಿ ಟಿಕೆಟ್ ಎಷ್ಟು?" ಅಂದ.