ಗೋಮಾಳದ ಕಡತ ಬೇರೆ, ಗ್ರಂಥಾಲಯದ ಕಡತ ಬೇರೆ

2017ರ ಏಪ್ರಿಲ್. ನಾವಿರುವ ಊರಿನ ಪುಟ್ಟ ಗ್ರಂಥಾಲಯದ ಗಾಜಿನ ಬಾಗಿಲಿಗೆ ಬೀಗ ಬಿದ್ದಿತ್ತು. ಒಳಗೆ ಪುಸ್ತಕಗಳು ಜೋಡಿಸಿಟ್ಟ ಹಾಗೆಯೇ ಇದ್ದವು. ಆರು ವರ್ಷದ ಮಗಳು ಗಾಜಿಗೆ ಎರಡೂ ಅಂಗೈ ಒತ್ತಿ ನಿಂತು, ಮಕ್ಕಳ ಕಪಾಟಿನ ಮೇಲಿದ್ದ ಆನೆ ಚಿತ್ರದ ಪುಸ್ತಕ ತೋರಿಸಿ, "ಅಪ್ಪಾ, ಅದು ಅಲ್ಲೇ ಇದೆಯಲ್ಲ, ಮತ್ಯಾಕೆ ಕೊಡೋದಿಲ್ಲ?" ಎಂದಳು. ಉತ್ತರ ನನಗೆ ಗೊತ್ತಿತ್ತು. ಆದರೆ ಆರು ವರ್ಷದ ಮಗುವಿಗೆ ಕಾಡು, ಗೂಬೆ, ರೈಲು, ತೆರಿಗೆ ಎಲ್ಲ ಸೇರಿಸಿ ಹೇಗೆ ಹೇಳಲಿ?

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದ ಡಗ್ಲಸ್ ಕೌಂಟಿಯಲ್ಲಿ. ಮರದ ಕಾರ್ಖಾನೆಯೊಂದರಲ್ಲಿ ವಿದ್ಯುತ್ ವಿಭಾಗದ ಎಂಜಿನಿಯರ್. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಆದರೆ ಮೇಲಿನಿಂದ ಬಂದು ಕೂರುವ ಜಿಲ್ಲಾಧಿಕಾರಿ ಇಲ್ಲ. ಜನ ಆರಿಸಿದ ಮೂವರು ಕಮಿಷನರುಗಳೇ ಆಡಳಿತ ನಡೆಸುತ್ತಾರೆ. ಕ್ಯಾಸ್ಕೇಡ್ ಪರ್ವತದಿಂದ ಪೆಸಿಫಿಕ್ ಕಡಲಿನ ತನಕ ಹಬ್ಬಿರುವ ಈ ಕೌಂಟಿ ನನ್ನ ಹುಟ್ಟುಜಿಲ್ಲೆ ಉತ್ತರ ಕನ್ನಡಕ್ಕಿಂತ ದೊಡ್ಡದು. ಜನಸಂಖ್ಯೆ ಮಾತ್ರ ಒಂದು ಲಕ್ಷಕ್ಕೆ ತುಸು ಮೇಲೆ. ಉತ್ತರ ಕನ್ನಡದಲ್ಲಿ 2011ರ ಜನಗಣತಿಯಲ್ಲೇ 14 ಲಕ್ಷ ದಾಟಿತ್ತು. ಎರಡಕ್ಕೂ ಒಂದು ಹೋಲಿಕೆ ಇದೆ. ಎರಡೂ ಕಡೆ ಹೆಚ್ಚಿನ ನೆಲ ಕಾಡು, ಆ ಕಾಡು ಸರಕಾರದ್ದು. ಸಿರ್ಸಿಯಿಂದ ಬನವಾಸಿಗೆ ಹೋಗುವ ದಾರಿಯ ಊರಿನವನಾದ ನನಗೆ ಇಲ್ಲಿ ಬಂದಿಳಿದ ದಿನ ಮಳೆಯ ವಾಸನೆಯೂ ಪರಕೀಯ ಅನಿಸಲಿಲ್ಲ.

ಆ ಬೀಗದ ಕಥೆ 1866ರಲ್ಲಿ ಶುರುವಾಗುತ್ತದೆ. ಒರೆಗಾನ್‌ನಿಂದ ಕ್ಯಾಲಿಫೋರ್ನಿಯಾದ ಕಡೆಗೆ ರೈಲು ಹಳಿ ಹಾಕುವವರಿಗೆ ಅಮೆರಿಕದ ಸಂಸತ್ತು ಹಳಿಯ ಎರಡೂ ಬದಿಗೆ, ಚದುರಂಗದ ಹಾಸಿನ ಹಾಗೆ ಒಂದು ಮನೆ ಬಿಟ್ಟು ಒಂದು ಮನೆ, ಕಾಡು ಬಿಟ್ಟುಕೊಟ್ಟಿತು. ಆ ನೆಲವನ್ನು ಸಾಗುವಳಿ ಮಾಡುವವರಿಗೆ ಎಕರೆಗೆ ಎರಡೂವರೆ ಡಾಲರ್ ಮೀರದಂತೆ ಮಾರಬೇಕೆಂದು 1869ರಲ್ಲಿ ಷರತ್ತೂ ಹಾಕಿತು. ಕಂಪನಿ ಷರತ್ತು ಮುರಿಯಿತು. 1916ರಲ್ಲಿ ಸಂಸತ್ತು ಮಾರದೆ ಉಳಿದ ನೆಲವನ್ನು ವಾಪಸ್ ಪಡೆಯಿತು. ಕೇಂದ್ರದ ನೆಲಕ್ಕೆ ಕೌಂಟಿ ತೆರಿಗೆ ಹಾಕುವಂತಿಲ್ಲ. ಅದಕ್ಕೆ ಬದಲಾಗಿ 1937ರ ಕಾಯ್ದೆಯೊಂದು ಅಲ್ಲಿನ ಮರ ಮಾರಿದ ದುಡ್ಡಿನಲ್ಲಿ 18 ಕೌಂಟಿಗಳಿಗೆ ಪಾಲು ಕೊಟ್ಟಿತು. ಎಷ್ಟೋ ವರ್ಷ ಆ ಪಾಲು ಮಾರಾಟದ ಅರ್ಧದಷ್ಟಿತ್ತು. ರಾಷ್ಟ್ರೀಯ ಅರಣ್ಯಗಳ ಆದಾಯದಲ್ಲಿ ಶಾಲೆಗೆ, ರಸ್ತೆಗೆ ಕಾಲು ಭಾಗ 1908ರಿಂದಲೇ ಬರುತ್ತಿತ್ತು.

ಹೀಗೆ ಮರದ ದುಡ್ಡಿನಲ್ಲಿ ಪೊಲೀಸ್ ಠಾಣೆ, ಗ್ರಂಥಾಲಯ, ಸೇತುವೆ ಎಲ್ಲ ನಡೆದವು. ಜನರ ಆಸ್ತಿ ತೆರಿಗೆ ಕಡಿಮೆಯೇ ಉಳಿಯಿತು. 1990ರಲ್ಲಿ ಇಲ್ಲಿನ ಚುಕ್ಕೆ ಗೂಬೆಗೆ ಕಾನೂನಿನ ರಕ್ಷಣೆ ಸಿಕ್ಕಿತು, 1994ರಲ್ಲಿ ಹೊಸ ಅರಣ್ಯ ಯೋಜನೆ ಬಂತು, ಸರಕಾರಿ ಕಾಡಿನಲ್ಲಿ ಮರ ಕಡಿಯುವುದು ಕುಸಿದುಬಿತ್ತು. ಅದೇ ಹೊತ್ತಿನಲ್ಲಿ, 1990 ಮತ್ತು 1997ರಲ್ಲಿ, ರಾಜ್ಯದ ಮತದಾರರು ಆಸ್ತಿ ತೆರಿಗೆ ಏರದಂತೆ ಕಟ್ಟು ಹಾಕಿದರು. ಮರದ ದುಡ್ಡಿದ್ದ ಕಾಲದ ತೆರಿಗೆ ದರ ಹಾಗೇ ಹೆಪ್ಪುಗಟ್ಟಿತು. 2000ದಲ್ಲಿ ಕೇಂದ್ರ ಸರಕಾರ ಪರಿಹಾರದ ಕಾಯ್ದೆ ತಂದಿತು. ಆ ಹಣವೂ ವರ್ಷದಿಂದ ವರ್ಷಕ್ಕೆ ಕರಗಿತು.

ಕಾರ್ಖಾನೆಯ ಜೊತೆಗಾರರಲ್ಲಿ ಕೆಲವರು ಇಂದಿಗೂ ಆ ಗೂಬೆಗೆ ಶಾಪ ಹಾಕುತ್ತಾರೆ. ನನಗೆ ಅವರ ಜೊತೆ ಸೇರಲು ಆಗುವುದಿಲ್ಲ. 1983ರಲ್ಲಿ ಸಾಲ್ಕಣಿಯ ಸುತ್ತ ಮರ ತಬ್ಬಿ ನಿಂತ ಜನರ ತಾಲ್ಲೂಕಿನವನು ನಾನು. ಅಪ್ಪಿಕೋ ನಮ್ಮ ಮನೆಯ ಜಗಲಿಯ ಮಾತಾಗಿತ್ತು. ಕಾಡು ಉಳಿದದ್ದು ಒಳ್ಳೆಯದೇ ಆಯಿತು. ಆದರೆ ಕಾಡು ಉಳಿಸುವ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಯನ್ನು ಈ ಜನರ ತಲೆಯ ಮೇಲೆ ಹಾಕಿ ಉಳಿದವರು ಸುಮ್ಮನಾದರು ಎಂಬ ಅವರ ನೋವು ನಿಜ.

2016ರ ನವೆಂಬರ್‌ನಲ್ಲಿ ಪ್ರಶ್ನೆ ಮತಪತ್ರಕ್ಕೆ ಬಂತು. ಗ್ರಂಥಾಲಯಕ್ಕೆಂದೇ ಪ್ರತ್ಯೇಕ ತೆರಿಗೆ ಕೊಡುತ್ತೀರಾ, ಇಲ್ಲವಾ? ಒರೆಗಾನ್‌ನಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಜೊತೆಗೆ ಒಂದು ಪುಸ್ತಿಕೆ. ಪ್ರಶ್ನೆ ಏನು, ಪರವಾಗಿ ಯಾರು ಏನು ಹೇಳುತ್ತಾರೆ, ವಿರೋಧವಾಗಿ ಏನು, ಎಲ್ಲ ಅಚ್ಚಾಗಿರುತ್ತದೆ. ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ನಾನೂ ಹೆಂಡತಿಯೂ ಒಂದಿಡೀ ಸಂಜೆ ಓದಿದೆವು. ಈ ದೇಶದ ಪೌರರಾದ ಮೇಲೆ ನಮ್ಮ ಮೊದಲ ದೊಡ್ಡ ಮತದಾನ. "ಹೌದು" ಎಂಬ ಪುಟ್ಟ ಗೂಡಿಗೆ ಮಸಿ ತುಂಬುವಾಗ ಕೈ ಸ್ವಲ್ಪ ನಡುಗಿತು. ಊರಿನಲ್ಲಿ ಎಷ್ಟೋ ಸಲ ಮತ ಹಾಕಿದ್ದೆ. ಆದರೆ ಅಲ್ಲಿ ಹಾಕಿದ್ದು ಮನುಷ್ಯನಿಗೆ, ಪಕ್ಷಕ್ಕೆ. ಒಂದು ಗ್ರಂಥಾಲಯಕ್ಕೆ ಮತ ಹಾಕಿದ್ದು ಅದೇ ಮೊದಲು.

ನಾವು ಸೋತೆವು. ಏಪ್ರಿಲ್‌ನಲ್ಲಿ ಹತ್ತು ಶಾಖೆಗಳು ಮುಚ್ಚಿದವು, ಮೇ ಕೊನೆಗೆ ರೋಸ್‌ಬರ್ಗ್‌ನ ಮುಖ್ಯ ಗ್ರಂಥಾಲಯವೂ ಮುಚ್ಚಿತು. ತಿಂಗಳಿಗೆ ಕೆಲವೇ ಡಾಲರ್ ಉಳಿಸಲು ಮಕ್ಕಳ ಪುಸ್ತಕಕ್ಕೆ ಬೀಗ ಹಾಕಿದ ಜನ ನನ್ನ ನೆರೆಹೊರೆಯವರು. ಮತ ಇಲ್ಲದ ಮಕ್ಕಳ ವಿಷಯವನ್ನು ಮತಕ್ಕೆ ಬಿಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಇಲ್ಲಿಯ ಪದ್ಧತಿಯನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಪಕ್ಕದ ಜೋಸೆಫಿನ್ ಕೌಂಟಿಯಲ್ಲಿ 2012ರಲ್ಲಿ ಪೊಲೀಸ್ ವ್ಯವಸ್ಥೆಯ ತೆರಿಗೆಯನ್ನೇ ಜನ ತಿರಸ್ಕರಿಸಿದರು. ರಾತ್ರಿ ಫೋನ್ ಮಾಡಿದರೆ ಕೌಂಟಿಯ ಪೊಲೀಸರು ಬರುವ ಭರವಸೆ ಇಲ್ಲದ ಸ್ಥಿತಿಯಲ್ಲಿ ಆ ಜನ ದಿನ ದೂಡಿದರು.

ಆದರೂ ಒಂದು ಮಾತು. ಗ್ರಂಥಾಲಯ ಯಾಕೆ ಮುಚ್ಚಿತು ಎಂದು ಇಲ್ಲಿನ ಯಾವ ಚಹಾ ಅಂಗಡಿಯಲ್ಲಿ ಕೇಳಿದರೂ ಜನ ಕಾಡಿನಿಂದಲೇ ಮಾತು ಶುರು ಮಾಡುತ್ತಾರೆ. ಇಷ್ಟು ಮರ ಕಡಿಯುತ್ತಿದ್ದರು, ಇಷ್ಟು ದುಡ್ಡು ಬರುತ್ತಿತ್ತು, ಈಗ ಇಷ್ಟೇ. ನೆಲಕ್ಕೂ ಗ್ರಂಥಾಲಯಕ್ಕೂ ಇರುವ ನಂಟು ಒಂದೇ ಲೆಕ್ಕದ ಪುಸ್ತಕದಲ್ಲಿದೆ, ಮತ್ತು ಆ ಪುಸ್ತಕ ಎಲ್ಲರ ಕಣ್ಣೆದುರು ತೆರೆದಿದೆ. ಸೋತವರಿಗೂ ತಾವು ಎಲ್ಲಿ ಸೋತೆವು ಎಂಬುದು ಗೊತ್ತಿತ್ತು. ಹಾಗಾಗಿ ಮುಂದಿನ ಹೆಜ್ಜೆ ಇಡಲು ಆಯಿತು. ಕೆಲವು ಊರುಗಳಲ್ಲಿ ನಿವೃತ್ತ ಶಿಕ್ಷಕಿಯರು, ಗೃಹಿಣಿಯರು ಸಂಬಳವಿಲ್ಲದೆ ಕೂತು ಬಾಗಿಲು ತೆರೆದರು. 2018ರ ಕೊನೆಗೆ ರೋಸ್‌ಬರ್ಗ್ ನಗರಸಭೆ ತನ್ನದೇ ಗ್ರಂಥಾಲಯ ಆರಂಭಿಸಿತು. ಅದೇ ಜೋಸೆಫಿನ್ ಕೌಂಟಿಯಲ್ಲಿ 2007ರಲ್ಲಿ ಮುಚ್ಚಿದ್ದ ಗ್ರಂಥಾಲಯವನ್ನು ಮೊದಲು ಸ್ವಯಂಸೇವಕರು ನಡೆಸಿದರು, ಹತ್ತು ವರ್ಷದ ಮೇಲೆ 2017ರಲ್ಲಿ ಜನರೇ ಅದಕ್ಕೆ ತೆರಿಗೆ ಕೊಡಲು ಒಪ್ಪಿದರು.

ಅದೇ 2017ರಲ್ಲಿ ಇನ್ನೊಂದು ಘಟನೆ ನಡೆಯಿತು. ನಮ್ಮ ಕೌಂಟಿಯಲ್ಲೂ ಪಕ್ಕದ ಕೂಸ್ ಕೌಂಟಿಯಲ್ಲೂ ಹರಡಿದ ಎಲಿಯಟ್ ಕಾಡು ರಾಜ್ಯದ್ದು. ಅದರ ಆದಾಯ ಶಾಲೆಗಳ ನಿಧಿಗೆ ಹೋಗಬೇಕೆಂಬುದು ನಿಯಮ. ಆದಾಯ ಬತ್ತಿತೆಂದು ಸುಮಾರು 82 ಸಾವಿರ ಎಕರೆಯನ್ನು 22 ಕೋಟಿ ಡಾಲರಿಗೆ ಮಾರಲು ಹೊರಟರು. ನಿರ್ಧಾರ ಮೂವರ ಕೈಯಲ್ಲಿ: ಗವರ್ನರ್, ರಾಜ್ಯದ ಕಾರ್ಯದರ್ಶಿ, ಖಜಾಂಚಿ. ಫೆಬ್ರವರಿಯಲ್ಲಿ ಇಬ್ಬರು ಮಾರಾಟದ ಪರ, ಗವರ್ನರ್ ಕೇಟ್ ಬ್ರೌನ್ ವಿರೋಧ. ಜನ ಬಂದು ಮಾತಾಡಿದರು, ಪತ್ರ ಬರೆದರು, ಬಿಡಲಿಲ್ಲ. ಮೇ ತಿಂಗಳಲ್ಲಿ ಮೂವರೂ ಒಟ್ಟಾಗಿ ಕಾಡು ಸಾರ್ವಜನಿಕರದ್ದಾಗಿಯೇ ಉಳಿಯಲಿ ಎಂದರು. ಅಷ್ಟಕ್ಕೇ ಮುಗಿಯಲಿಲ್ಲ. ಕಾಡು ಉಳಿದರೆ ಶಾಲೆಯ ನಿಧಿಗೆ ಆಗುವ ನಷ್ಟವನ್ನು ರಾಜ್ಯ ತನ್ನ ಬೊಕ್ಕಸದಿಂದ ತುಂಬಿಕೊಟ್ಟಿತು. 2022ರ ಡಿಸೆಂಬರ್ ಹೊತ್ತಿಗೆ ಆ ಲೆಕ್ಕ ಚುಕ್ತಾ ಆಯಿತು. ಕಾಡು ಉಳಿಸಿದ್ದಕ್ಕಿಂತ ನನ್ನ ಮನಸ್ಸಿಗೆ ತಟ್ಟಿದ್ದು ಈ ಚುಕ್ತಾ. ಉಳಿಸುತ್ತೇವೆ ಅಂದವರು ಬೆಲೆಯನ್ನೂ ತೆತ್ತರು.

(ಈ ನೆಲವೆಲ್ಲ ಮೊದಲು ಅಂಪ್ಕ್ವಾ, ಕೂಸ್, ಕೊಕ್ವೆಲ್ ಮೂಲನಿವಾಸಿಗಳದ್ದು. ಅದು ಅವರ ಕೈತಪ್ಪಿ ಹೋಯಿತು. ಅದನ್ನು ಹೇಳದೆ ಇಲ್ಲಿನ ಸಭೆಗಳ ಬಗ್ಗೆ ಬರೆಯುವುದು ಸರಿಯಲ್ಲ.)

ಇನ್ನು ನಮ್ಮೂರಿಗೆ ಬರುತ್ತೇನೆ. ಮೂರು ವರ್ಷದ ಹಿಂದೆ ಊರಿಗೆ ಹೋದಾಗ ಶಾಲೆಯ ಹಿಂದಿನ ಗೋಮಾಳಕ್ಕೆ ಸಿಮೆಂಟ್ ಕಂಬ ನೆಟ್ಟು ತಂತಿ ಬಿಗಿದಿದ್ದರು. ಚಿಕ್ಕಂದಿನಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದ ಜಾಗ, ಮಳೆಗಾಲದಲ್ಲಿ ಮೊಣಕಾಲೆತ್ತರ ಹುಲ್ಲು. ನಾಲ್ಕು ಎಕರೆ ಯಾವುದೋ ಸಂಸ್ಥೆಗೆ ಮಂಜೂರಾಗಿದೆಯಂತೆ. ಯಾವಾಗ, ಯಾರು ಕೊಟ್ಟರು ಎಂದರೆ ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಚಿಕ್ಕಪ್ಪನನ್ನು ಕರೆದುಕೊಂಡು ಪಂಚಾಯ್ತಿಗೆ ಹೋಗಿ ಸಭೆಯ ವಹಿ ತೆಗೆಸಿದೆ. ಆಕ್ಷೇಪಣೆ ಇಲ್ಲವೆಂಬ ಠರಾವು ಅದರಲ್ಲಿತ್ತು. ಕೆಳಗೆ ಸಹಿಗಳ ಸಾಲು. ಏಳನೆಯದು ಚಿಕ್ಕಪ್ಪನದೇ, ಬಾಲ ಎಳೆದ ಅವರ ಹಳೇ ಸಹಿ. ಅವರು ಕನ್ನಡಕ ಒರೆಸಿ ಎರಡು ಸಲ ನೋಡಿದರು. "ಹಾಜರಿ ಸಹಿ ಅಂದಿದ್ರು ಮಾರಾಯ. ಮನೆ ಪಟ್ಟಿ ಮಾಡ್ತಾರೆ ಅಂತ ಹೋಗಿದ್ದೆ" ಎಂದರು. ದನಿ ಸಣ್ಣದಾಗಿತ್ತು. ಎಪ್ಪತ್ತೆರಡರ ಆ ಮನುಷ್ಯ ಯಾರ ಒಂದು ಗೇಣು ಬೇಣಕ್ಕೂ ಆಸೆ ಪಟ್ಟವರಲ್ಲ. ಊರಿನ ಹುಲ್ಲುಗಾವಲು ತನ್ನ ಸಹಿಯಿಂದ ಹೋಯಿತಲ್ಲ ಎಂದು ಅಂದು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ನಮ್ಮ ಕಾನೂನು ಕೆಟ್ಟದ್ದಲ್ಲ. 1964ರ ಭೂಕಂದಾಯ ಕಾಯ್ದೆ ಗೋಮಾಳವನ್ನು ಊರಿನ ದನಗಳಿಗೆಂದು ಕಾದಿಡುತ್ತದೆ. ನೂರು ದನಕ್ಕೆ ಮೂವತ್ತು ಎಕರೆ ಎಂಬ ಲೆಕ್ಕ ಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆ ಗ್ರಾಮಸಭೆ ಆಗಲೇಬೇಕು. ಊರೂರಿಗೆ ಕೊಳವೆಬಾವಿ ತಂದು 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರು ಅದಕ್ಕೂ ಮೊದಲೇ, 1983ರ ಕಾಯ್ದೆಯಲ್ಲಿ, ಜಿಲ್ಲಾ ಪರಿಷತ್ತಿಗೆ ದೇಶವೇ ತಿರುಗಿ ನೋಡುವಂತಹ ಅಧಿಕಾರ ಕೊಡಿಸಿದವರು. ಅಂತಹ ರಾಜ್ಯದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ ಎಂಬುದು ನನಗೆ ಸಂಕಟ ತರುವ ಸಂಗತಿ.

ಗ್ರಂಥಾಲಯದ ವಿಷಯದಲ್ಲಂತೂ ನಮ್ಮೂರು ಡಗ್ಲಸ್ ಕೌಂಟಿಗಿಂತ ಮೇಲು, ಅದನ್ನು ಹೆಮ್ಮೆಯಿಂದ ಹೇಳುತ್ತೇನೆ. 1965ರ ಕಾಯ್ದೆ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ಹಾಕಿತು. 2019ರಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ನಮ್ಮೂರಿನದರಲ್ಲಿ ಸಂಜೆ ಐದಕ್ಕೆ ಹೈಸ್ಕೂಲ್ ಹುಡುಗಿಯರು ಕಂಪ್ಯೂಟರ್ ಮುಂದೆ ಕೂತಿರುವುದನ್ನು ಕಣ್ಣಾರೆ ಕಂಡೆ. ಇದನ್ನು ಮುಚ್ಚಬೇಕೋ ಬೇಡವೋ ಎಂದು ಯಾರೂ ಮತಕ್ಕೆ ಹಾಕಲಿಲ್ಲ. ಹಾಕಬಾರದು ಕೂಡ.

ಆದರೆ ಆ ಅರಿವು ಕೇಂದ್ರದ ಮಾಡು ಸೋರುತ್ತದೆ. ರಿಪೇರಿಗೆ ದುಡ್ಡಿಲ್ಲ ಎನ್ನುತ್ತಾರೆ. ಅದರಿಂದ ಇನ್ನೂರು ಮೀಟರ್ ದೂರದಲ್ಲಿ ನಾಲ್ಕು ಎಕರೆ ಊರಿನ ನೆಲ ಕೈಬಿಟ್ಟು ಹೋಗಿದೆ. ಗೋಮಾಳದ ಕಡತ ಕಂದಾಯ ಇಲಾಖೆಯಲ್ಲಿ, ಕಾಡಿನದು ಅರಣ್ಯ ಇಲಾಖೆಯಲ್ಲಿ, ಗ್ರಂಥಾಲಯದ್ದು ಪಂಚಾಯ್ತಿಯಲ್ಲಿ. ನೆಲಕ್ಕೆ ಬೆಲೆ ಕಟ್ಟಿಸಿಕೊಂಡರೂ ಅದು ರಾಜ್ಯದ ಖಜಾನೆಗೆ ಹೋಗುತ್ತದೆ, ಸೋರುವ ಮಾಡಿಗೆ ಬರುವುದಿಲ್ಲ. ಹುಲ್ಲು ಬೇಕೋ, ಕಟ್ಟಡ ಬೇಕೋ, ಕೊಟ್ಟರೆ ಬದಲಿಗೆ ನಮಗೇನು ಎಂದು ಊರು ಒಟ್ಟಾಗಿ ತೂಗಿ ನೋಡಲು ತಕ್ಕಡಿಯೇ ಇಲ್ಲ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಎಂದು ಲೆಕ್ಕ ಇಟ್ಟ ಸೀಮೆ ನಮ್ಮದು. ಗೊಬ್ಬರ, ದರಕು, ಸೊಪ್ಪು, ನೀರು ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ನೋಡಲು ನಮ್ಮ ಹಿರಿಯರಿಗೆ ಗೊತ್ತಿತ್ತು. ಆ ಲೆಕ್ಕವನ್ನು ಇಲಾಖೆಗಳಾಗಿ ಹರಿದು ಹಂಚಿದ್ದೇ ನಮ್ಮ ಹಳ್ಳಿಗೆ ಆದ ದೊಡ್ಡ ಹಾನಿ ಎಂದು ನಾನು ನಂಬುತ್ತೇನೆ.

ನಾನು ಕೇಳುವುದು ಅಮೆರಿಕದ ಮತಪತ್ರವನ್ನಲ್ಲ. ಊರಿನ ನೆಲ ಯಾರಿಗಾದರೂ ಹೋಗುವ ಮೊದಲು ಸರ್ವೆ ನಂಬರ್, ವಿಸ್ತೀರ್ಣ, ಯಾರಿಗೆ, ಯಾಕೆ ಎಂಬುದು ಒಂದು ತಿಂಗಳು ಪಂಚಾಯ್ತಿ ಗೋಡೆಯ ಮೇಲೂ ಹಾಲಿನ ಡೇರಿಯ ಬಾಗಿಲ ಮೇಲೂ ಇರಲಿ. ಠರಾವಿನ ಹಾಳೆ ಬೇರೆ, ಹಾಜರಿಯ ಹಾಳೆ ಬೇರೆ ಇರಲಿ. ಸಹಿಗೆ ಮೊದಲು ಠರಾವನ್ನು ಗಟ್ಟಿಯಾಗಿ ಓದಲಿ. ನೆಲದ ಬೆಲೆಯಲ್ಲಿ ಒಂದು ಪಾಲು ಅದೇ ಊರಿನ ಶಾಲೆಗೆ, ಗ್ರಂಥಾಲಯಕ್ಕೆ ಬರಲಿ. ಇವಕ್ಕೆ ದೊಡ್ಡ ದುಡ್ಡೇನೂ ಬೇಡ.

ದನಗಳ ಎಣಿಕೆಯೂ ಊರಿನವರ ಕೈಯಿಂದಲೇ ಆಗಬೇಕು. ಗೋಮಾಳ 'ಹೆಚ್ಚುವರಿ' ಎಂದು ತೀರ್ಮಾನವಾಗುವುದು ಆ ಸಂಖ್ಯೆಯ ಮೇಲೆ. ನಮ್ಮೂರಿನ ಕಾಗದದಲ್ಲಿದ್ದ ಸಂಖ್ಯೆಯನ್ನು ಚಿಕ್ಕಪ್ಪನಿಗೆ ಓದಿ ಹೇಳಿದಾಗ ಅವರು ಬೆರಳು ಮಡಿಚಿ ತಮ್ಮ ಕೇರಿಯೊಂದರದೇ ಲೆಕ್ಕ ಹಾಕಿ ತಲೆ ಅಲ್ಲಾಡಿಸಿದರು. ತಮ್ಮ ಕೊಟ್ಟಿಗೆಯ ಎರಡು ಎಮ್ಮೆ, ಎರಡು ಮಲೆನಾಡು ಗಿಡ್ಡ ಅದರಲ್ಲಿ ಸೇರಿರಲು ಸಾಧ್ಯವೇ ಇಲ್ಲ ಎಂದರು.

ಹೋದ ಭಾನುವಾರ ಫೋನ್ ಮಾಡಿದ್ದೆ. ಅರಿವು ಕೇಂದ್ರಕ್ಕೆ ಬರುವ ಇಬ್ಬರು ಹುಡುಗಿಯರನ್ನು ಜೊತೆಗೆ ಕರೆದುಕೊಂಡು ಚಿಕ್ಕಪ್ಪ ಮನೆಮನೆಗೆ ಹೋಗಿ ದನ ಎಣಿಸುತ್ತಿದ್ದಾರೆ. ಹುಡುಗಿಯರು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಪ್ರತಿ ಮನೆಯ ಯಜಮಾನ ಓದಿ ಸಹಿ ಹಾಕುತ್ತಾನೆ. ಕೆಳಗಿನ ಕೇರಿಯ ಹನ್ನೊಂದು ಮನೆ ಇನ್ನೂ ಬಾಕಿ ಇವೆಯಂತೆ.