ನಂಬರ್ ಪೋರ್ಟ್ ಆಗುತ್ತೆ, ಹಾಡು ಆಗಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವ ಮೊಬೈಲ್ ಅಂಗಡಿಗೆ ಹೋಗಿ ಸಿಮ್ ಕೇಳಿದರೂ ಒಂದು ಮಾತು ಗ್ಯಾರಂಟಿ: "ತಗೋರಿ ಸರ, ಇದರಾಗ ಹಾಡು ಫ್ರೀ ಅದಾವ." ಕಂಪನಿ ಯಾವುದೇ ಇರಲಿ, ಮಾತು ಅದೇ. ಫ್ರೀ ಅಂದ್ರೆ ಎಷ್ಟು ದಿನ, ಡೌನ್‌ಲೋಡ್ ಮಾಡಿದ ಹಾಡು ನಮ್ಮದಾ ಅವರದಾ ಅಂತ ಕೇಳಿ ನೋಡಿ. ಅಂಗಡಿಯವರು ಮುಂದಿನ ಗಿರಾಕಿ ಕಡೆ ತಿರುಗುತ್ತಾರೆ. ನನ್ನ ಪ್ರಕಾರ ಕೇಳಬೇಕಾದದ್ದು ಈ ಎರಡೇ ಪ್ರಶ್ನೆ. ಕೋಟಿಗಟ್ಟಲೆ ಹಾಡು ಇದ್ದರೇನು, ನಾವು ದಿನಾ ಕೇಳೋದು ಅದೇ ನೂರಿನ್ನೂರು ಅಲ್ವಾ?

ಜಿಯೋದವರದು ಜಿಯೋಸಾವನ್ ಅನ್ನೋ ಹಾಡಿನ ಆ್ಯಪ್. 2018ರಲ್ಲಿ ಜಿಯೋಮ್ಯೂಸಿಕ್ ಮತ್ತು ಸಾವನ್ ಒಂದಾಗಿ ಬಂದದ್ದು. ಇದರಲ್ಲಿ ನನಗೆ ಹಿಡಿಸಿದ್ದು, ಬೇರೆ ಕಂಪನಿ ಸಿಮ್ ಇದ್ದರೂ ನಡೆಯುತ್ತೆ. ಜಾಹೀರಾತು ತಡಕೊಂಡರೆ ಪುಕ್ಕಟೆ ಕೇಳಬಹುದು. ಡೌನ್‌ಲೋಡ್ ಬೇಕು ಅಂದ್ರೆ ಪ್ರೊ ಚಂದಾ ಕಟ್ಟಬೇಕು. ಅಂದ್ರೆ ಅಂಗಡಿಯವರು ಹೇಳುವ 'ಫ್ರೀ' ಕೇಳೋದಕ್ಕೆ ಮಾತ್ರ, ಇಟ್ಟುಕೊಳ್ಳೋದಕ್ಕಲ್ಲ.

ಏರ್‌ಟೆಲ್ ಕಥೆ ಬೇರೆ. 2014ರಲ್ಲಿ ವಿಂಕ್ ಮ್ಯೂಸಿಕ್ ತಂದರು. ಒಂದು ಕಾಲಕ್ಕೆ ಎಲ್ಲರ ಫೋನಲ್ಲೂ ಅದೇ ಇತ್ತು. 2024ರಲ್ಲಿ ಅದನ್ನು ಮುಚ್ಚುತ್ತೇವೆ ಅಂದರು, ಆಪಲ್ ಮ್ಯೂಸಿಕ್ ಜೊತೆ ಕೈಜೋಡಿಸಿದರು. ಆಪಲ್ ಮ್ಯೂಸಿಕ್ ಕೆಲವು ತಿಂಗಳು ಉಚಿತ, ಆಮೇಲೆ ದುಡ್ಡು ಅಂದರು. ಆಪಲ್ ಮ್ಯೂಸಿಕ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಆಂಡ್ರಾಯ್ಡ್ ಫೋನಲ್ಲೂ ಚೆನ್ನಾಗೇ ನಡೆಯುತ್ತೆ. ಆದರೆ ಹತ್ತು ವರ್ಷ ಕೂತು ಒಂದೊಂದೇ ಹಾಡು ಆರಿಸಿ ಕೂಡಿಸಿದ ಪಟ್ಟಿ ಕಂಪನಿಯ ಒಂದು ನಿರ್ಧಾರಕ್ಕೆ ಸಿಕ್ಕಿ ಹೋಗಬಹುದು ಅನ್ನೋದು ಇಲ್ಲೇ ಗೊತ್ತಾಗಿದ್ದು.

ವಿ, ಅಂದ್ರೆ ವೊಡಾಫೋನ್ ಐಡಿಯಾದವರು, 2021ರಲ್ಲಿ ಹಂಗಾಮಾ ಅನ್ನೋ ಹಾಡಿನ ಕಂಪನಿ ಜೊತೆ ಸೇರಿ ತಮ್ಮ ಆ್ಯಪ್ ಒಳಗೇ ಹಾಡು ಕೊಟ್ಟರು. ಬಿಎಸ್‌ಎನ್‌ಎಲ್ ಅಂದ್ರೆ ಬಹಳ ಮಂದಿಗೆ ಕಾಲರ್ ಟ್ಯೂನ್ ಅಷ್ಟೇ. ಇವೆರಡರ ಬಗ್ಗೆ ಜಾಸ್ತಿ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.

ಅಸಲಿ ಸಮಸ್ಯೆ ಕಂಪನಿ ಕಂಪನಿ ನಡುವಿನ ವ್ಯತ್ಯಾಸದಲ್ಲಿ ಇಲ್ಲ. 'ಡೌನ್‌ಲೋಡ್' ಅಂತ ಇವರು ಕರೆಯೋದರಲ್ಲೇ ಇದೆ. ಆ್ಯಪ್‌ನಲ್ಲಿ ಇಳಿಸಿದ ಹಾಡು ಬೀಗ ಹಾಕಿದ ಫೈಲ್. ಅದೇ ಆ್ಯಪ್‌ನಲ್ಲಿ, ಚಂದಾ ಇರುವ ತನಕ ಮಾತ್ರ ಕೇಳಿಸುತ್ತೆ. ನಮ್ಮ ಕಾಕಾನ ಟ್ರ್ಯಾಕ್ಟರ್‌ಗೆ ಒಂದು ಮ್ಯೂಸಿಕ್ ಸಿಸ್ಟಮ್ ಇದೆ, ಅದರ ಪೆನ್‌ಡ್ರೈವ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ್ದಾನೆ, ಧೂಳು ಹೋಗಬಾರದು ಅಂತ. ಒಂದಿನ ಅದನ್ನೇ ಕಿತ್ತು ನನ್ನ ಕೈಗೆ ಕೊಟ್ಟ. "ತಮ್ಮಾ, ನಿನ್ನ ಫೋನಿನಾಗಿನ ಪದ ಇದಕ್ಕ ಹಾಕಿ ಕೊಡು." ಕಾಕಾ, ಇವು ಬರಲ್ಲ ಅಂದೆ. "ರೊಕ್ಕಾ ಕಟ್ಟಿದ್ದೀ ಅಂದೆಲ್ಲ, ಮತ್ಯಾಕ ಬರಂಗಿಲ್ಲ?" ನಾನೇನು ಹೇಳಲಿ? ಕಾಕಾನ ಪ್ರಶ್ನೆ ಸರಿಯಾಗೇ ಇದೆ. ಕೊನೆಗೆ ಆತ ಅಂಗಡಿಗೆ ಹೋಗಿ ತುಂಬಿಸಿಕೊಂಡು ಬಂದ. ಅದು ಕಳ್ಳ ಕಾಪಿ ಅನ್ನೋದು ಬೇರೆ ಮಾತು. ಆದರೆ ದುಡ್ಡು ಕೊಟ್ಟವನಿಗೆ ಸಿಗದ ಸೌಕರ್ಯ ಕೊಡದವನಿಗೆ ಸಿಗ್ತಿದೆ, ನೋಡಿ.

2011ರಿಂದ ದೇಶದ ತುಂಬ ನಂಬರ್ ಪೋರ್ಟ್ ಮಾಡಬಹುದು. 1900ಕ್ಕೆ ಒಂದು ಎಸ್ಸೆಮ್ಮೆಸ್ ಹಾಕಿದರೆ ಕೆಲಸ ಶುರು. ನಂಬರ್ ನಿಮ್ಮ ಜೊತೆ ಬರುತ್ತೆ. ಹಳೆಯ ಪ್ಲಾನ್ ಜೊತೆ ಪುಕ್ಕಟೆ ಸಿಕ್ಕ ಹಾಡಿನ ಚಂದಾ ಬರಲ್ಲ. ಅದಕ್ಕೇ ಹಾಡಿನ ಆಸೆಗೆ ಸಿಮ್ ತಗೋಬೇಡಿ ಅಂತೀನಿ. ನಿಮ್ಮ ಓಣಿಯಲ್ಲಿ, ನಿಮ್ಮ ಹೊಲದಲ್ಲಿ ಯಾವುದಕ್ಕೆ ಸಿಗ್ನಲ್ ಸಿಗುತ್ತೋ ಅದೇ ಸಿಮ್ ಇರಲಿ. ಹಾಡಿನ ಚಂದಾ ಬೇಕಿದ್ದರೆ ಬೇರೆಯಾಗಿ ಕಟ್ಟಿ, ಯಾವ ಸಿಮ್‌ಗೂ ಅಂಟಿಕೊಳ್ಳದ್ದನ್ನು.

ಡೌನ್‌ಲೋಡ್ ಬೇಡವೇ ಬೇಡ ಅಂತಲ್ಲ. ಬೀದರ್ ರೈಲಿನಲ್ಲಿ ಮರಗುತ್ತಿ ಸುರಂಗ ಬಂದಾಗ ಅದರ ಬೆಲೆ ಗೊತ್ತಾಗುತ್ತೆ. ಐದು ನಿಮಿಷದ ಹಾಡು 320 ಕೆಬಿಪಿಎಸ್ ಗುಣಮಟ್ಟದಲ್ಲಿ ಸುಮಾರು 12 ಎಂಬಿ ಆಗುತ್ತೆ, 128ರಲ್ಲಿ 5 ಎಂಬಿ ಒಳಗೇ ಮುಗಿಯುತ್ತೆ. ಬಸ್ಸು ರೈಲಿನ ಗದ್ದಲದಲ್ಲಿ ಸಾದಾ ಇಯರ್‌ಫೋನ್ ಹಾಕಿಕೊಂಡರೆ ಎರಡಕ್ಕೂ ಫರಕು ತಿಳಿಯಲ್ಲ. ಸೆಟ್ಟಿಂಗ್ಸ್‌ನಲ್ಲಿ ಕಡಿಮೆ ಇಟ್ಟುಕೊಳ್ಳಿ. ದಿನಕ್ಕೆ 1.5 ಜಿಬಿ ಪ್ಲಾನ್ ಇದ್ದವರು ರಾತ್ರಿ 12ರ ಒಳಗೆ ಉಳಿದ ಡೇಟಾದಲ್ಲೇ ಇಳಿಸಿಬಿಡಿ, ಬಹಳ ಪ್ಲಾನ್‌ಗಳಲ್ಲಿ ಅದು ನಾಳೆಗೆ ಉಳಿಯಲ್ಲ.

ಇನ್ನು ನಮ್ಮ ಕಡೆಯ ಪದಗಳು. ಸಿನಿಮಾ ಹಾಡಿಗೆ ಎಲ್ಲೂ ಬರ ಇಲ್ಲ. ಕಡಕೋಳ ಮಡಿವಾಳಪ್ಪನ ತತ್ವಪದ ಹುಡುಕಿದರೆ ಒಂದಿಷ್ಟು ಸಿಗ್ತವೆ. ಊರ ಭಜನಾ ಮಂಡಳಿಯವರು ರಾತ್ರಿಯಿಡೀ ಹಾಡೋದು, ಮೊಹರಂ ಪದ, ಇವು ಸಿಗೋದು ಯೂಟ್ಯೂಬಲ್ಲಿ, ಇಲ್ಲಾ ಯಾರದೋ ವಾಟ್ಸಾಪಲ್ಲಿ. ಕಾಕಾ ಕೇಳೋದು ಅವನ್ನೇ.

ಕಾಲರ್ ಟ್ಯೂನ್ ಬಗ್ಗೆ ಒಂದು ಮಾತು. ಹಿಂದೆ ನಮ್ಮ ಅವ್ವನ ಫೋನಲ್ಲಿ ಯಾರೂ ಬೇಕು ಅನ್ನದ ಟ್ಯೂನ್ ಶುರುವಾಗಿ ತಿಂಗಳಾ ಬ್ಯಾಲೆನ್ಸ್ ಕತ್ತರಿಸುತ್ತಿತ್ತು. ಯಾವ ಕಂಪನಿ ಅಂತ ಹೇಳಲ್ಲ. ಎರಡನೇ ಸಲ ಒಪ್ಪಿಗೆ ಕೇಳದೆ ಇಂಥ ಸೇವೆ ಶುರು ಮಾಡುವಂತಿಲ್ಲ ಅಂತ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ 2013ರಲ್ಲೇ ಹೇಳಿದೆ. ಮನೆಯಲ್ಲಿ ಹಿರಿಯರ ಕೀಪ್ಯಾಡ್ ಫೋನ್ ಇದ್ದರೆ ಒಮ್ಮೆ ಬ್ಯಾಲೆನ್ಸ್ ನೋಡಿ. ಸುಮ್ನೆ ಕಡಿಮೆಯಾಗ್ತಿದ್ದರೆ ಅದೇ ಫೋನಿನಿಂದ 155223ಕ್ಕೆ ಕರೆ ಮಾಡಿ ಬಂದ್ ಮಾಡಿಸಿ. ಕರೆಗೆ ದುಡ್ಡಿಲ್ಲ.